ಕ್ರಯಪತ್ರದಲ್ಲಿರುವ ಸಂಬಂಧಿಕರ ಹೆಸರು ತೆಗೆಸುವುದು: ಬೆಂಗಳೂರಿನ ಮನೆ, ಸೈಟು, ಫ್ಲಾಟುಗಳಿಗೆ ಹೆಜ್ಜೆಹೆಜ್ಜೆಯ ದಾರಿ

"ಕ್ರಯಪತ್ರದಲ್ಲಿ ತಂಗಿ ಹೆಸರೂ ಇದೆ, ಅದನ್ನ ತೆಗೆಸ್ಬೇಕು. ಎಷ್ಟಾಗುತ್ತೆ?" ಬೆಂಗಳೂರಿನ ಯಾವ ಸಬ್‌ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ನಿಂತರೂ ಪತ್ರ ಬರೆಯುವವರಿಗೆ ಯಾರಾದರೂ ಹೀಗೆ ಕೇಳುವುದು ಕಿವಿಗೆ ಬೀಳುತ್ತದೆ. ಖರ್ಚಿನ ಮಾತು ಆಮೇಲೆ. ನೋಂದಣಿಯಾದ ಪತ್ರದಿಂದ ಯಾರ ಹೆಸರನ್ನೂ ಹೊಡೆದುಹಾಕಲು ಬರುವುದಿಲ್ಲ, ಸಬ್‌ ರಿಜಿಸ್ಟ್ರಾರ್‌ಗೂ ಆ ಅಧಿಕಾರವಿಲ್ಲ. ಆ ಹೆಸರಿನ ಹಿಂದೆ ಒಂದು ಪಾಲಿದೆ. ಆ ಪಾಲು ಯಾರಿಗೆ ಹೋಗುತ್ತದೆ ಅಂತ ತೀರ್ಮಾನ ಮಾಡಿ, ಅದಕ್ಕೊಂದು ಹೊಸ ಪತ್ರ ಬರೆಸಿ ನೋಂದಾಯಿಸಬೇಕು. ಹಳೆಯ ಪತ್ರ ಇದ್ದ ಹಾಗೇ ಇರುತ್ತದೆ, ಅದರ ಮೇಲೆ ಹೊಸದು ಕೂರುತ್ತದೆ. ಮುಂದೆ ಕೊಳ್ಳುವವರ ವಕೀಲರು ಎರಡನ್ನೂ ಒಟ್ಟಿಗೆ ಇಟ್ಟು ಓದುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡೋಣ. ಖಾತೆಯಲ್ಲಿ ಹೆಸರು ಬದಲಾದರೆ ಆಸ್ತಿ ಬದಲಾದಂತಲ್ಲ. ಖಾತೆ ಎನ್ನುವುದು ಪಾಲಿಕೆ ಯಾರಿಂದ ತೆರಿಗೆ ವಸೂಲಿ ಮಾಡಬೇಕು ಅಂತ ಇಟ್ಟುಕೊಂಡ ಲೆಕ್ಕ. ಇಪ್ಪತ್ತು ವರ್ಷ ನೀವೊಬ್ಬರೇ ಕಂದಾಯ ಕಟ್ಟಿದ್ದರೂ ಕ್ರಯಪತ್ರದಲ್ಲಿ ಅಕ್ಕನ ಹೆಸರಿದ್ದರೆ ಅಕ್ಕನ ಪಾಲು ಅಕ್ಕನದೇ.

ಹೆಜ್ಜೆ 1: ಮೊದಲು ಕಾಗದ, ಆಮೇಲೆ ಮಾತು

ಮೂಲ ಕ್ರಯಪತ್ರವನ್ನು ಪೂರ್ತಿ ಓದಿ. ಯಾರ ಯಾರ ಹೆಸರಿದೆ, ಯಾರಿಗೆ ಎಷ್ಟು ಪಾಲು ಅಂತ ಬರೆದಿದೆಯಾ ನೋಡಿ. ಬಹುಪಾಲು ಪತ್ರಗಳಲ್ಲಿ ಪಾಲು ಬರೆದೇ ಇರುವುದಿಲ್ಲ. ಆಗ ಸಮಪಾಲು ಅಂತಲೇ ಸಾಮಾನ್ಯವಾಗಿ ಹಿಡಿಯುತ್ತಾರೆ, ಯಾರಾದರೂ ತಕರಾರು ಎತ್ತಿ ಬೇರೆ ರುಜುವಾತು ತೋರಿಸದ ಹೊರತು.

ಆಮೇಲೆ ಇಸಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ. ಕೊಂಡ ದಿನದ ಹಿಂದಿನಿಂದ ಇವತ್ತಿನವರೆಗೆ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಆ ಆಸ್ತಿ ಹಿಂದೆ ಯಾವ ಸಬ್‌ ರಿಜಿಸ್ಟ್ರಾರ್ ವ್ಯಾಪ್ತಿಯಲ್ಲಿತ್ತೋ ಅಲ್ಲಿ ಅರ್ಜಿ ಹಾಕಬೇಕು. ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಕೊಡುತ್ತಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಅಡಮಾನವೋ, ಅಪ್ಪ ಎಂದೋ ಮಾಡಿದ ಕರಾರೋ ಇಲ್ಲಿ ತಲೆ ಎತ್ತುತ್ತದೆ. ಎತ್ತುವುದಾದರೆ ಈಗಲೇ ಎತ್ತಲಿ.

ಹೆಜ್ಜೆ 2: ಆ ವ್ಯಕ್ತಿ ಇದ್ದಾರೋ, ತೀರಿಕೊಂಡಿದ್ದಾರೋ

ದಾರಿ ಇಲ್ಲೇ ಕವಲೊಡೆಯುತ್ತದೆ. ಇದ್ದಾರೆ, ಒಪ್ಪುತ್ತಾರೆ ಎಂದರೆ ಕೆಲಸ ಸಲೀಸು, ಹೆಜ್ಜೆ 3ಕ್ಕೆ ಹೋಗಿ. ತೀರಿಕೊಂಡಿದ್ದರೆ ಸ್ವಲ್ಪ ನಿಧಾನವಾಗಿ ಓದಿ, ಜನ ಹೆಚ್ಚು ಎಡವುವುದು ಇಲ್ಲೇ.

ಸತ್ತವರು ಉಯಿಲು ಬರೆದಿದ್ದರೆ ಅದರಂತೆ ನಡೆಯುತ್ತದೆ. ಬೆಂಗಳೂರಿನಲ್ಲಿ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ, ಕಡ್ಡಾಯವಿಲ್ಲ. ಆದರೆ ಉಯಿಲಿನ ಬಗ್ಗೆ ಮನೆಯಲ್ಲೇ ಎರಡು ಮಾತಿದ್ದರೆ ಬ್ಯಾಂಕಿನವರೂ ಕೊಳ್ಳುವವರೂ ಪ್ರೊಬೇಟ್ ಕೇಳುತ್ತಾರೆ.

ಉಯಿಲು ಇಲ್ಲದಿದ್ದರೆ ವಾರಸುದಾರರ ಲೆಕ್ಕ. ಹಿಂದೂ ಕುಟುಂಬವಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು. ಪಾಲಿನ ಲೆಕ್ಕ ಅಲ್ಲಿ ಬೇರೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಹನುಮಂತನಗರದಲ್ಲಿ 30 ಅಡಿ 40 ಅಡಿಯ ಸೈಟು, ಅಂದರೆ 1,200 ಚದರಡಿ. ಅಪ್ಪ ಅಮ್ಮ ಇಬ್ಬರೂ ದುಡಿದು ಜಂಟಿಯಾಗಿ ಕೊಂಡದ್ದು. ಅಪ್ಪ ತೀರಿಕೊಂಡರು, ಉಯಿಲಿಲ್ಲ. ಮನೆಯಲ್ಲಿ ಅಮ್ಮ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಅರ್ಧ ಈ ನಾಲ್ವರಿಗೆ ತಾನೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಪ್ಪ ಹೋದ ದಿನ ಅಪ್ಪನ ತಾಯಿ, ಅಂದರೆ ಅಜ್ಜಿ, ಬದುಕಿದ್ದರಾ? ಬದುಕಿದ್ದರೆ ಅವರೂ ಮೊದಲ ದರ್ಜೆಯ ವಾರಸುದಾರರು, ಹೆಂಡತಿ ಮಕ್ಕಳ ಸಮಕ್ಕೆ. ಅಪ್ಪನ ಅರ್ಧ ಐದು ಪಾಲಾಗುತ್ತದೆ, ಅಜ್ಜಿಗೆ ಇಡೀ ಸೈಟಿನ ಹತ್ತರಲ್ಲಿ ಒಂದು. ಮುಂದೆ ಅಜ್ಜಿಯೂ ಉಯಿಲಿಲ್ಲದೆ ಹೋದರು, ಅಜ್ಜ ಮೊದಲೇ ಇಲ್ಲ ಅಂತಿಟ್ಟುಕೊಳ್ಳಿ. ಅವರ ಆ ಹತ್ತರಲ್ಲೊಂದು ಪಾಲು ಅವರ ಮಕ್ಕಳ ಕಡೆಗೆ ತಿರುಗುತ್ತದೆ: ಚಿಕ್ಕಪ್ಪನಿಗೊಂದು ಭಾಗ, ಅತ್ತೆಗೊಂದು ಭಾಗ, ತೀರಿಹೋದ ಅಪ್ಪನ ಭಾಗ ಅವರ ಮಕ್ಕಳಿಗೆ. ಹೀಗೆ, ಈ ಮನೆಗೆ ಒಂದು ಇಟ್ಟಿಗೆಯನ್ನೂ ಇಡದ ಚಿಕ್ಕಪ್ಪನಿಗೂ ಅತ್ತೆಗೂ ತಲಾ ಮೂವತ್ತರಲ್ಲಿ ಒಂದು ಪಾಲು. 1,200 ಚದರಡಿಯಲ್ಲಿ ತಲಾ 40 ಚದರಡಿ. ಒಂದು ಬಚ್ಚಲುಮನೆಯಷ್ಟು ಜಾಗ, ಆದರೆ ಅವರ ಸಹಿ ಇಲ್ಲದೆ ಸೈಟಿನ ಹಕ್ಕು ಪೂರ್ತಿಯಾಗುವುದಿಲ್ಲ. ಅಜ್ಜಿ ಇರುವಾಗಲೇ ಅವರಿಂದ ಖುಲಾಸೆ ಪತ್ರ (ಪಾಲು ಬಿಟ್ಟುಕೊಡುವ ಪತ್ರ) ಮಾಡಿಸಿಕೊಂಡಿದ್ದರೆ ಒಂದು ಹೆಬ್ಬೆಟ್ಟಿನಲ್ಲಿ ಮುಗಿಯುತ್ತಿದ್ದ ಕೆಲಸ.

ಹೆಣ್ಣುಮಕ್ಕಳ ವಿಷಯ. ಮದುವೆ ಮಾಡಿಕೊಟ್ಟಾಯಿತು, ಒಡವೆ ಕೊಟ್ಟಾಯಿತು ಅನ್ನುವುದು ಕಾನೂನಿನ ಮುಂದೆ ನಡೆಯುವುದಿಲ್ಲ. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೇ ಮಗನಷ್ಟು ಪಾಲಿದೆ. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬಿಟ್ಟು ಬರೆಸುವವರು ಈಗಲೂ ಇದ್ದಾರೆ. ಅದು ಸುಳ್ಳು ಅಫಿಡವಿಟ್, ಕ್ರಿಮಿನಲ್ ಕೇಸಿಗೆ ದಾರಿ.

ತೀರಿಕೊಂಡವರ ಹೆಸರಿದ್ದಾಗ ಬೇಕಾಗುವ ಕಾಗದಗಳು ಮೂರು: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಅಥವಾ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ, ಎಲ್ಲ ವಾರಸುದಾರರ ಆಧಾರ್. ಇವುಗಳ ಮೇಲೆ ಖಾತೆಯನ್ನು ಮೊದಲು ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ತರಬೇಕು. ಆಮೇಲೆ ಬಿಡುವವರು ಬಿಡಬಹುದು.

ಹೆಜ್ಜೆ 3: ಯಾವ ಪತ್ರ?

ಹಕ್ಕು ಖುಲಾಸೆ ಪತ್ರ, ಎಲ್ಲರ ಬಾಯಲ್ಲೂ ರಿಲೀಸ್ ಡೀಡ್. ಮನೆಯೊಳಗಿನ ಕೆಲಸಕ್ಕೆ ಹೆಚ್ಚು ಬಳಕೆಯಾಗುವುದು ಇದೇ. ಜಂಟಿ ಹಕ್ಕುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬ ಹಕ್ಕುದಾರರಿಗೆ ಬಿಟ್ಟುಕೊಡುವುದು. "ಇನ್ನೊಬ್ಬ ಹಕ್ಕುದಾರ" ಎನ್ನುವುದು ಮುಖ್ಯ. ತಂಗಿ ತನ್ನ ಪಾಲನ್ನು ಅಣ್ಣನಿಗೆ ಖುಲಾಸೆ ಮಾಡಬಹುದು, ಅಣ್ಣನ ಮಗನಿಗೆ ಮಾಡಲಾಗದು; ಅವನಿಗೆ ಆ ಸ್ವತ್ತಿನಲ್ಲಿ ಇನ್ನೂ ಹಕ್ಕಿಲ್ಲ. ಅವನಿಗೇ ಕೊಡಬೇಕಿದ್ದರೆ ದಾನಪತ್ರ.

ದಾನಪತ್ರ, ಅಂದರೆ ಗಿಫ್ಟ್ ಡೀಡ್, ದುಡ್ಡಿನ ಮಾತಿಲ್ಲದೆ ಕೊಡುವುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೋಂದಣಿ ಆಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಪಡೆಯುವವರು ಕೊಡುವವರ ಜೀವಿತದಲ್ಲೇ ಸ್ವೀಕರಿಸಬೇಕು. ಒಮ್ಮೆ ಕೊಟ್ಟರೆ ಮನಸ್ಸು ಬದಲಾಯಿತೆಂದು ವಾಪಸ್ ಪಡೆಯಲಾಗದು. ಮಗನಿಗೆ ಮನೆ ಬರೆದುಕೊಡುವ ಅಪ್ಪ ಅಮ್ಮಂದಿರಿಗೆ ನಾನು ತಪ್ಪದೆ ಹೇಳುವುದೊಂದಿದೆ: "ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು, ಈ ಮನೆಯಲ್ಲಿ ವಾಸದ ಹಕ್ಕು ನಮಗಿರುತ್ತದೆ" ಅಂತ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಇಂಥ ಷರತ್ತು ಮುರಿದರೆ ದಾನಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿ ಬಳಿ ಅರ್ಜಿ ಹಾಕಬಹುದು. ಷರತ್ತು ಬಾಯಿಮಾತಿನಲ್ಲಿ ಉಳಿದರೆ ಹೋರಾಟ ಕಷ್ಟ.

ಒಬ್ಬೊಬ್ಬರಿಗೂ ಆಸ್ತಿಯ ಒಂದೊಂದು ಭಾಗ ಸಿಗುವುದಾದರೆ ವಿಭಾಗ ಪತ್ರ, ಹಳಬರ ಮಾತಿನಲ್ಲಿ ಪಾಲುಪಟ್ಟಿ. ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದಾದರೆ, ಅದರಲ್ಲೂ ದೂರದ ನೆಂಟರಿಂದ, ಕ್ರಯಪತ್ರವೇ ಒಳ್ಳೆಯದು. ಇನ್ನು ತಿದ್ದುಪಡಿ ಪತ್ರ: ಇನಿಷಿಯಲ್ ತಪ್ಪು, ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲು, ಇಂಥವಕ್ಕೆ ಮಾತ್ರ. "ಸಾರ್, ಕಡಿಮೆ ಖರ್ಚಲ್ಲಿ ತಿದ್ದುಪಡಿಯಲ್ಲೇ ತಮ್ಮನ ಹೆಸರು ತೆಗೆದುಬಿಡೋಣ" ಅಂತ ಯಾರಾದರೂ ಹೇಳಿದರೆ ಅವರ ಮೇಜಿನಿಂದ ಎದ್ದು ಬನ್ನಿ.

ದುಡ್ಡು ಪೂರ್ತಿ ನನ್ನದೇ, ಅವಳ ಹೆಸರು ಸುಮ್ಮನೆ ಹಾಕಿಸಿದ್ದು ಅನ್ನುವ ವಾದವೂ ಇದೆ. ಬೇರೆಯವರ ಹೆಸರಲ್ಲಿ ಆಸ್ತಿ ಮಾಡುವುದನ್ನು ತಡೆಯುವ ಬೇನಾಮಿ ಕಾಯ್ದೆ 2016ರ ತಿದ್ದುಪಡಿಯ ನಂತರ ಬಿಗಿಯಾಗಿದೆ, ಈ ವಾದ ಮಾಡುವಾಗ ನೀವೇ ಸಿಕ್ಕಿಹಾಕಿಕೊಳ್ಳದಂತೆ ಮೊದಲೇ ವಕೀಲರನ್ನು ಕೇಳಿ. ಒಪ್ಪಿಗೆಯಿಂದ ಖುಲಾಸೆ ಸಿಗುವ ಹಾಗಿದ್ದರೆ ಯಾರ ದುಡ್ಡು ಎಂಬ ಚರ್ಚೆಯೇ ಬೇಡ.

ಹೆಜ್ಜೆ 4: ಖರ್ಚಿನ ಲೆಕ್ಕ

ಕುಟುಂಬದವರ ನಡುವಿನ ಪತ್ರಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲಲ್ಲ, ನಿಗದಿತ ಮೊತ್ತ. 2024ರ ಫೆಬ್ರವರಿಯಿಂದ ಬೆಂಗಳೂರು ವ್ಯಾಪ್ತಿಯ ಆಸ್ತಿಯನ್ನು ಕುಟುಂಬದವರಿಗೆ ದಾನ ಮಾಡಲು 5,000 ರೂಪಾಯಿ, ವಿಭಾಗ ಪತ್ರವಾದರೆ ಪ್ರತಿ ಪಾಲಿಗೂ 5,000. ಸೆಸ್ಸು, ನೋಂದಣಿ ಶುಲ್ಕ, ಸ್ಕ್ಯಾನಿಂಗ್ ಬೇರೆ. ಖುಲಾಸೆ ಪತ್ರಕ್ಕೂ ಕುಟುಂಬದೊಳಗೆ ಇಂಥದೇ ಸಣ್ಣ ಮೊತ್ತ. ಕಾವೇರಿಯಲ್ಲಿ ವಿವರ ತುಂಬಿದರೆ ಕಟ್ಟಬೇಕಾದ್ದು ತಾನಾಗಿ ಲೆಕ್ಕವಾಗಿ ಬರುತ್ತದೆ.

ಕುಟುಂಬದವರಲ್ಲ ಎಂದಾದರೆ ಲೆಕ್ಕ ಒಮ್ಮೆಲೇ ಮೇಲೇರುತ್ತದೆ. ಮುದ್ರಾಂಕ ಶುಲ್ಕ ಶೇ. 5, ಸೆಸ್ಸು ಸರ್‌ಚಾರ್ಜು ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6, ಅಂದರೆ ಒಂದು ಕೋಟಿಗೆ 7.6 ಲಕ್ಷ. ಅದೂ ಸರ್ಕಾರದ ಮಾರ್ಗಸೂಚಿ ದರ ಅಥವಾ ನೀವು ಬರೆದ ಮೊತ್ತ, ಯಾವುದು ಹೆಚ್ಚೋ ಅದರ ಮೇಲೆ.

ಹಾಗಾಗಿ "ಕುಟುಂಬ" ಎಂದರೆ ಯಾರು ಎನ್ನುವುದು ಲಕ್ಷಗಳ ಪ್ರಶ್ನೆ. ದಾನಪತ್ರದ ಪಟ್ಟಿಯಲ್ಲಿ ಗಂಡ, ಹೆಂಡತಿ, ಮಗ, ಮಗಳು, ಸೊಸೆ, ಮೊಮ್ಮಕ್ಕಳು ಇದ್ದಾರೆ. ಖುಲಾಸೆಯ ಪಟ್ಟಿ ಬೇರೆ, ವಿಭಾಗದ್ದು ಬೇರೆ. ಭಾವಮೈದುನ, ದೊಡ್ಡಪ್ಪನ ಮಗ ಇಂಥವರಿದ್ದರೆ ಪತ್ರ ಬರೆಸುವ ಮೊದಲೇ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ವಿಚ್ಛೇದನದ ದಾರಿಯಲ್ಲಿರುವ ದಂಪತಿಗಳು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು: ಡಿಕ್ರಿ, ಅಂದರೆ ವಿಚ್ಛೇದನದ ಕೋರ್ಟು ತೀರ್ಪು, ಆದ ಮೇಲೆ ಅವರು ಕಾಗದದಲ್ಲಿ ಗಂಡ ಹೆಂಡತಿ ಅಲ್ಲ, ರಿಯಾಯಿತಿಯೂ ಕೈತಪ್ಪಬಹುದು. ಫ್ಲಾಟಿನ ಪಾಲು ಬಿಡುವ ಮಾತು ಒಪ್ಪಿತವಾಗಿದ್ದರೆ ಡಿಕ್ರಿಗೆ ಮುಂಚೆಯೇ ಪತ್ರ ಮಾಡಿಸುವುದು ಲೇಸು.

ದುಡ್ಡು ಕೈಬದಲಾಗುವುದಿದ್ದರೆ ಅದನ್ನು ಪತ್ರದಲ್ಲಿ ಬರೆಯಿರಿ, ಬ್ಯಾಂಕಿನ ಮೂಲಕವೇ ಕೊಡಿ. ತಂಗಿಗೆ ಹದಿನೈದು ಲಕ್ಷ ಕೈಯಲ್ಲಿ ಕೊಟ್ಟು ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಅಂತ ಬರೆಸಿದರೆ, ನಾಳೆ ಆಕೆಗೆ ದುಡ್ಡು ಬಂದೇ ಇಲ್ಲ ಅಂದರೂ ನಿಮ್ಮ ಬಳಿ ಉತ್ತರವಿಲ್ಲ. ಆದಾಯ ತೆರಿಗೆಯವರು ಕೇಳಿದರೂ ಇಲ್ಲ. ಹಣ ಪಡೆದು ಪಾಲು ಬಿಟ್ಟವರಿಗೆ ಬಂಡವಾಳ ಲಾಭದ ತೆರಿಗೆ ಬರಬಹುದು ಎನ್ನುವುದನ್ನೂ ಆಕೆಗೆ ಮೊದಲೇ ಹೇಳಿಬಿಡಿ.

ಹೆಜ್ಜೆ 5: ಸಾಲ ಇದ್ದರೆ ಬ್ಯಾಂಕು

ಮನೆ ಸಾಲ ಇನ್ನೂ ಇದ್ದರೆ ಮೂಲ ಪತ್ರ ಬ್ಯಾಂಕಿನಲ್ಲಿರುತ್ತದೆ, ಅವರ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂದೆ ಹೋಗಬೇಡಿ. ಪತ್ರದಿಂದ ಹೆಸರು ಹೋದರೂ ಸಾಲದಿಂದ ಹೋಗುವುದಿಲ್ಲ. ಪಾಲು ಬಿಟ್ಟುಕೊಟ್ಟ ತಮ್ಮ ಸಹಸಾಲಗಾರನಾಗಿಯೇ ಉಳಿದಿದ್ದರೆ, ಅಣ್ಣ ಕಂತು ತಪ್ಪಿಸಿದ ದಿನ ಫೋನು ಬರುವುದು ತಮ್ಮನಿಗೂ. ಅವನನ್ನು ಸಾಲದಿಂದ ಬಿಡಿಸಲು ಉಳಿದವರ ಆದಾಯವನ್ನು ಬ್ಯಾಂಕು ಹೊಸದಾಗಿ ತೂಗಿ ನೋಡುತ್ತದೆ.

ಹೆಜ್ಜೆ 6: ಇ-ಖಾತೆ

2024ರ ಅಕ್ಟೋಬರ್‌ನಿಂದೀಚೆಗೆ ಬೆಂಗಳೂರು ನಗರದಲ್ಲಿ ಇ-ಖಾತೆ (ಪಾಲಿಕೆಯ ಡಿಜಿಟಲ್ ಖಾತೆ) ಇಲ್ಲದೆ ನೋಂದಣಿ ನಡೆಯುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾದವು. ನಿಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿತು ಅಂತ ನೋಡಿಕೊಳ್ಳಿ. ಇ-ಆಸ್ತಿ ಜಾಲತಾಣದಲ್ಲಿ ಕರಡು ಖಾತೆ ಹುಡುಕಿ, ಮಾಲೀಕರ ಆಧಾರ್ ದೃಢೀಕರಣ, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಕ್ರಯಪತ್ರ, ಇಸಿ, ಬೆಸ್ಕಾಂ ಸಂಪರ್ಕ ಸಂಖ್ಯೆ, ಕಟ್ಟಡದ ಫೋಟೋ ಕೊಟ್ಟು ಅಂತಿಮ ಇ-ಖಾತೆ ಪಡೆಯಬೇಕು.

ಸಿಕ್ಕು ಬೀಳುವುದು ಹೆಸರಿನ ಹೊಂದಾಣಿಕೆಯಲ್ಲಿ. 1992ರ ಪತ್ರದಲ್ಲಿ "ಶ್ರೀಮತಿ ಲಕ್ಷ್ಮಮ್ಮ ಕೋಂ" ಅಂತ ಗಂಡನ ಹೆಸರಿನೊಂದಿಗೆ ಇರುತ್ತದೆ, ಆಧಾರ್‌ನಲ್ಲಿ "ಲಕ್ಷ್ಮಿ ಎಚ್." ಎರಡೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್ ಬೇಕಾಗುತ್ತದೆ. ಪಾಲು ಬಿಡುವವರ ಹೆಸರನ್ನೂ ಇದೇ ಕಣ್ಣಿನಿಂದ ನೋಡಿ. ಅವರ ಹೆಸರು ಹೊಂದದಿದ್ದರೂ ಕೆಲಸ ನಿಲ್ಲುತ್ತದೆ.

ನಗರದಂಚಿನ ಕೃಷಿ ಜಮೀನಿಗೆ ಈ ಇ-ಖಾತೆಯಿಲ್ಲ, ಅಲ್ಲಿ ಪಹಣಿ. ಭಾಗ ಮಾಡುವುದಿದ್ದರೆ 11ಇ ನಕ್ಷೆ (ಭಾಗವನ್ನು ಅಳತೆ ಮಾಡಿ ತೋರಿಸುವ ಸರ್ವೆ ನಕ್ಷೆ) ಮೊದಲು.

ಹೆಜ್ಜೆ 7: ಪತ್ರ ಬರೆಸುವುದು

ಪತ್ರದಲ್ಲಿ ಈ ಆಸ್ತಿ ಹೇಗೆ ಬಂತು ಎಂಬ ಕಥೆ, ಹಿಂದಿನ ದಸ್ತಾವೇಜಿನ ಸಂಖ್ಯೆ ಮತ್ತು ತಾರೀಕು, ಬಿಡುತ್ತಿರುವ ಪಾಲು ಎಷ್ಟು, ದುಡ್ಡು ಕೊಟ್ಟಿದ್ದರೆ ಎಷ್ಟು ಮತ್ತು ಹೇಗೆ, ಕೊನೆಗೆ ಅಳತೆ ಮತ್ತು ನಾಲ್ಕು ದಿಕ್ಕಿನ ಚಕ್ಕುಬಂದಿ ಇರುವ ಷೆಡ್ಯೂಲು ಇರಬೇಕು. ಷೆಡ್ಯೂಲನ್ನು ಹಳೆಯ ಪತ್ರದಿಂದ ಅಕ್ಷರಕ್ಕೆ ಅಕ್ಷರ ಇಳಿಸಿ, ಇ-ಖಾತೆಯ ಅಳತೆಗೂ ತಾಳೆ ನೋಡಿ. ಪತ್ರದ ಜೀವ ಇರುವ ಸಾಲು ಸುಮಾರಾಗಿ ಹೀಗಿರುತ್ತದೆ:

"ಷೆಡ್ಯೂಲ್ ಸ್ವತ್ತಿನಲ್ಲಿ ನನಗಿರುವ ಮೂರನೇ ಒಂದು ಭಾಗದ ಅವಿಭಕ್ತ ಹಕ್ಕನ್ನು ನನ್ನ ಅಣ್ಣನವರಾದ ನಿಮಗೆ ಈ ದಿವಸ ಸಂಪೂರ್ಣವಾಗಿ ಖುಲಾಸೆ ಮಾಡಿಕೊಟ್ಟಿರುತ್ತೇನೆ. ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ."

"ನಿಮಗೆ" ಅಂದರೆ ಯಾರಿಗೆ ಎನ್ನುವುದು ಸ್ಪಷ್ಟವಿರಲಿ. ಮೂವರು ಹಕ್ಕುದಾರರಿದ್ದು ಒಬ್ಬರು ಬಿಡುವಾಗ, ಆ ಪಾಲು ಉಳಿದ ಇಬ್ಬರಿಗೂ ಸಮನಾಗಿ ಹೋಗುತ್ತದೋ ಒಬ್ಬರಿಗೋ ಎನ್ನುವುದನ್ನು ಮುಚ್ಚುಮರೆ ಇಲ್ಲದೆ ಬರೆಸಿ. ಮಾದರಿ ಪತ್ರದಲ್ಲಿ ಹೆಸರಷ್ಟೇ ಬದಲಿಸಿ ಕೊಡುವವರು ತಪ್ಪುವುದು ಇಲ್ಲೇ.

ಪಾಲುದಾರರಲ್ಲಿ ಹದಿನೆಂಟು ತುಂಬದ ಮಗುವಿದ್ದರೆ, ಅಪ್ಪನೋ ಅಮ್ಮನೋ ಅದರ ಪರವಾಗಿ ಸಹಿ ಹಾಕಿದರೆ ಸಾಲದು, ನ್ಯಾಯಾಲಯದ ಅನುಮತಿ ಬೇಕು. ಇಲ್ಲದಿದ್ದರೆ ಆ ಮಗು ಪ್ರಾಯಕ್ಕೆ ಬಂದ ಮೇಲೆ ಮೂರು ವರ್ಷದೊಳಗೆ ಪತ್ರವನ್ನು ಪ್ರಶ್ನಿಸಬಹುದು.

ಹೆಜ್ಜೆ 8: ಕಾವೇರಿ, ಆಮೇಲೆ ಕಚೇರಿ

ಕಾವೇರಿ 2.0ರಲ್ಲಿ ಲಾಗಿನ್ ಆಗಿ ವಿವರ ತುಂಬಿ ಕರಡು ಪತ್ರ ಅಪ್‌ಲೋಡ್ ಮಾಡಿ. ಸಬ್‌ ರಿಜಿಸ್ಟ್ರಾರ್ ಅದನ್ನು ಪರಿಶೀಲಿಸಿ ಒಪ್ಪಬಹುದು, ಇಲ್ಲವೇ ಕಾರಣ ಬರೆದು ವಾಪಸ್ ಕಳಿಸಬಹುದು. ಒಪ್ಪಿದ ಮೇಲೆ ಆನ್‌ಲೈನಿನಲ್ಲೇ ಶುಲ್ಕ ಕಟ್ಟಿ ಸಮಯ ಕಾದಿರಿಸಿ. ಜಿಲ್ಲೆಯೊಳಗಿನ ಯಾವ ಸಬ್‌ ರಿಜಿಸ್ಟ್ರಾರ್ ಕಚೇರಿಯಾದರೂ ಆಗುತ್ತದೆ.

ಆ ದಿನ ಬಿಡುವವರು, ಪಡೆಯುವವರು, ಇಬ್ಬರು ಸಾಕ್ಷಿಗಳು, ಎಲ್ಲರೂ ಮೂಲ ಗುರುತಿನ ಚೀಟಿ ಸಮೇತ ಹೋಗಬೇಕು. ಫೋಟೋ, ಬೆರಳಚ್ಚು ಆಗುತ್ತದೆ. ವಯಸ್ಸಾದವರಿದ್ದರೆ ಬೆರಳ ಗೆರೆ ಸವೆದು ಯಂತ್ರ ಹಿಡಿಯದೇ ಇರುವುದುಂಟು, ಸ್ವಲ್ಪ ಹೊತ್ತು ಹೆಚ್ಚಿಗೆ ಇಟ್ಟುಕೊಂಡು ಹೋಗಿ. "ಏನಮ್ಮಾ, ನೀವೇ ಒಪ್ಪಿ ಬಿಟ್ಟುಕೊಡ್ತಾ ಇದೀರಾ?" ಅಂತ ಅಧಿಕಾರಿ ಕೇಳಿದರೆ ಉತ್ತರ ಅವರ ಬಾಯಿಂದಲೇ ಬರಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಸಹಿ ಹಾಕಿದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು.

ಪಾಲು ಬಿಡುವವರು ವಿದೇಶದಲ್ಲಿದ್ದರೆ ಜಿಪಿಎ, ಅಂದರೆ ಇಲ್ಲಿ ಅವರ ಪರವಾಗಿ ಸಹಿ ಹಾಕಲು ಒಬ್ಬರಿಗೆ ಕೊಡುವ ಅಧಿಕಾರ ಪತ್ರ, ಬೇಕು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿ ದೃಢೀಕರಿಸಿ ಇಲ್ಲಿಗೆ ಕಳಿಸಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಯಾವ ಸ್ವತ್ತು, ಯಾರ ಪರವಾಗಿ ಖುಲಾಸೆ ಎಂದು ಜಿಪಿಎಯಲ್ಲೇ ಹೆಸರಿಸಿ ಬರೆದಿರಲಿ. ಪಾಲು ಪಡೆಯುವವರ ಹೆಸರಿಗೇ ಜಿಪಿಎ ಬೇಡ, ಮುಂದೆ ಅನುಮಾನಕ್ಕೆ ಅದೇ ಮೂಲವಾಗುತ್ತದೆ.

ಹೆಜ್ಜೆ 9: ನೋಂದಣಿ ಆದ ಮೇಲೆ

ಕೆಲವು ದಿನ ಬಿಟ್ಟು ಹೊಸ ಇಸಿ ತೆಗೆಸಿ, ಖುಲಾಸೆ ಪತ್ರ ಅದರಲ್ಲಿ ಬಂದಿದೆಯೇ ನೋಡಿ. ಆಮೇಲೆ ಖಾತೆ, ಆಸ್ತಿ ತೆರಿಗೆ, ಬೆಸ್ಕಾಂ, ಜಲಮಂಡಳಿ, ಅಪಾರ್ಟ್‌ಮೆಂಟಾದರೆ ಸಂಘದ ದಾಖಲೆ. ಮೂಲ ಕ್ರಯಪತ್ರದ ಜೊತೆಗೇ ಖುಲಾಸೆ ಪತ್ರವನ್ನೂ ಇಡಿ. ಪಾಲು ಬಿಟ್ಟವರಿಗೂ ಒಂದು ದೃಢೀಕೃತ ನಕಲು ಕೊಡಿ, ಅದು ಅವರ ಹಕ್ಕು.

ಒಪ್ಪದಿದ್ದರೆ

ಒಪ್ಪದವರ ಹೆಸರನ್ನು ಯಾವ ಕಚೇರಿಯೂ ತೆಗೆಯದು. ಉಳಿಯುವುದು ಪಾಲು ದಾವೆ, ಅಂದರೆ ಪಾಲು ಬೇರೆ ಮಾಡಿಕೊಡಿ ಅಂತ ಕೋರ್ಟಿನಲ್ಲಿ ಹೂಡುವ ಮೊಕದ್ದಮೆ. ಬೆಂಗಳೂರಿನಲ್ಲಿ ಅದು ಸಿಟಿ ಸಿವಿಲ್ ಕೋರ್ಟಿನಲ್ಲಿ, ವರ್ಷಗಟ್ಟಲೆ ನಡೆಯುತ್ತದೆ. ದಾವೆ ಹೂಡಿದ ಮೇಲೂ ರಾಜಿಗೆ ಬಾಗಿಲು ತೆರೆದೇ ಇರುತ್ತದೆ. ನ್ಯಾಯಾಲಯ ಪ್ರಕರಣವನ್ನು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಿದರೆ ವಕೀಲರನ್ನು ಕೊಡುತ್ತಾರೆ.

ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಪಾಲು ಎಂಬುದಷ್ಟೇ ಅದರಲ್ಲಿರುತ್ತದೆ. 30x40 ಸೈಟನ್ನು ಆರು ಪಾಲು ಮಾಡಲು ಬರುವುದಿಲ್ಲವಾದ್ದರಿಂದ, ಅಂತಿಮ ಡಿಕ್ರಿಯ ಹಂತದಲ್ಲಿ ಸ್ವತ್ತನ್ನು ಮಾರಿ ಹಣ ಹಂಚುವುದು, ಇಲ್ಲವೇ ಒಬ್ಬರೇ ಉಳಿದವರ ಪಾಲಿನ ಬೆಲೆ ಕೊಟ್ಟು ಇಟ್ಟುಕೊಳ್ಳುವುದು ತೀರ್ಮಾನವಾಗುತ್ತದೆ. ಆ ಅಂತಿಮ ಡಿಕ್ರಿಯನ್ನು ಪಾಲಿನ ಬೆಲೆಗೆ ತಕ್ಕ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಗೆದ್ದು ಬಂದವರು ಎಷ್ಟೋ ಜನ ಇದೊಂದನ್ನು ಬಿಟ್ಟು ತೀರ್ಪಿನ ಜೆರಾಕ್ಸ್ ಹಿಡಿದು ಖಾತೆಗೆ ಹೋಗುತ್ತಾರೆ, ಅಲ್ಲಿಂದ ವಾಪಸ್ ಕೋರ್ಟಿಗೇ ಕಳಿಸುತ್ತಾರೆ.